ಬುದ್ಧಿವಂತ ಮೇಷ್ಟ್ರು ಬಂದರೆ ಸಾಕೇ?

ಫಿನ್‌ಲ್ಯಾಂಡಿನ ಶಾಲೆಗಳ ಬಗ್ಗೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಗೊತ್ತಿರುವಷ್ಟು ಫಿನ್‌ಲ್ಯಾಂಡಿನವರಿಗೇ ಗೊತ್ತಿರಲಿಕ್ಕಿಲ್ಲ. ಅಲ್ಲಿ ಹೋಮ್‌ವರ್ಕೇ ಇಲ್ಲವಂತೆ. ಪರೀಕ್ಷೆ ಇಲ್ಲವಂತೆ. ಈಗಂತೂ ಸಬ್ಜೆಕ್ಟುಗಳನ್ನೇ ತೆಗೆದುಹಾಕಿದ್ದಾರಂತೆ. ಇದನ್ನು ಫಾರ್ವರ್ಡ್ ಮಾಡಿ ಕೆಳಗೆ ಕೈಮುಗಿದ ಇಮೋಜಿ ಹಾಕುವವರು ಆಗಷ್ಟೇ ಮಗುವನ್ನು ಅಬ್ಯಾಕಸ್ ಕ್ಲಾಸಿಗೆ ಬಿಟ್ಟು ಬಂದಿರುತ್ತಾರೆ.

ವಾಸ್ತವ ಅಷ್ಟು ರಂಗುರಂಗಾಗಿಲ್ಲ. ಅಲ್ಲಿ ಹೋಮ್‌ವರ್ಕ್ ಇದೆ, ನಮ್ಮಷ್ಟಿಲ್ಲ ಅಷ್ಟೇ. ಪ್ರೌಢ ಹಂತ ಮುಗಿಸುವಾಗ ಬರೆಯುವ ಮೆಟ್ರಿಕ್ಯುಲೇಷನ್ ಪರೀಕ್ಷೆ 1852ರಿಂದಲೂ ಇದೆ. ಸಬ್ಜೆಕ್ಟುಗಳೂ ಇದ್ದಲ್ಲೇ ಇವೆ. 2016ರಲ್ಲಿ ಜಾರಿಗೆ ಬಂದ ಪಠ್ಯಕ್ರಮ ಹೇಳಿದ್ದು, ವರ್ಷದಲ್ಲಿ ಒಮ್ಮೆಯಾದರೂ ಹಲವು ವಿಷಯಗಳನ್ನು ಒಟ್ಟುಗೂಡಿಸಿ ಕಲಿಸಿ ಅಂತ. ಇನ್ನು ಅಂಕಗಳ ಮಾತು. 15 ವರ್ಷದ ಮಕ್ಕಳಿಗಾಗಿ ಒಇಸಿಡಿ ನಡೆಸುವ ಪಿಸಾ ಪರೀಕ್ಷೆಯಲ್ಲಿ ಫಿನ್‌ಲ್ಯಾಂಡಿನ ಗಣಿತದ ಸರಾಸರಿ 2006ರಲ್ಲಿ 548 ಇತ್ತು, 2022ರಲ್ಲಿ 484ಕ್ಕೆ ಇಳಿದಿದೆ. ಫಾರ್ವರ್ಡು ಮಾತ್ರ ಇನ್ನೂ 2006ರಲ್ಲೇ ನಿಂತಿದೆ.

ಇದನ್ನು ತಮಾಷೆ ಮಾಡಿ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ವಯಸ್ಸಿನವರ ನಡುವೆ ಇನ್ನೊಂದು ಮಾತು ಪದೇ ಪದೇ ಬರುತ್ತಿದೆ. ಮೂವತ್ತು ದಾಟಿದೆ, ಸಂಬಳ ಚೆನ್ನಾಗಿದೆ, ಕೆಲಸದಲ್ಲಿ ಅರ್ಥ ಕಾಣ್ತಿಲ್ಲ, ಎಲ್ಲಾ ಬಿಟ್ಟು ಟೀಚರ್ ಆಗಿಬಿಡೋಣ ಅನ್ನಿಸ್ತಿದೆ ಅನ್ನುವ ಮಾತು. ಒಳ್ಳೇ ಮಾತೇ. ಅದರ ಹಿಂದೆ ಒಂದು ನಂಬಿಕೆ ಅಡಗಿ ಕೂತಿರುತ್ತದೆ: ನಮ್ಮಂಥ ಚುರುಕಿನವರು ಕ್ಲಾಸ್‌ರೂಮಿಗೆ ಹೋದರೆ ಶಾಲೆಗಳು ತಾವಾಗಿಯೇ ಸರಿಹೋಗುತ್ತವೆ. ದೇಶದೇಶಗಳ ಶಾಲೆಗಳನ್ನು ಹೋಲಿಸುವ ಪುಸ್ತಕಗಳು ಈ ನಂಬಿಕೆಗೆ ನೀರೆರೆದಿವೆ. ಆದ್ದರಿಂದ ಅಂಥ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು ಅಮೆರಿಕದ ಪತ್ರಕರ್ತೆ ಅಮಾಂಡಾ ರಿಪ್ಲಿ 2013ರಲ್ಲಿ ಬರೆದ ‘ದ ಸ್ಮಾರ್ಟೆಸ್ಟ್ ಕಿಡ್ಸ್ ಇನ್ ದ ವರ್ಲ್ಡ್’. ಮೂವರು ಅಮೆರಿಕನ್ ಹದಿಹರೆಯದವರು ಒಂದು ವರ್ಷ ಫಿನ್‌ಲ್ಯಾಂಡ್, ದಕ್ಷಿಣ ಕೊರಿಯಾ ಮತ್ತು ಪೋಲೆಂಡಿನಲ್ಲಿ ಓದಲು ಹೋಗುತ್ತಾರೆ. ಅವರ ಕಣ್ಣಿನಿಂದ ಆ ದೇಶಗಳ ಶಾಲೆಗಳನ್ನು ನೋಡುವುದು ರಿಪ್ಲಿಯ ಉಪಾಯ. ಉಪಾಯ ಫಲಿಸಿದೆ. ಅಧಿಕಾರಿಗಳು, ತಜ್ಞರು ಕಾಣದ್ದನ್ನು ಬೆಂಚಿನ ಮೇಲೆ ಕೂತವರು ಕಾಣುತ್ತಾರೆ. ಕೊರಿಯಾಕ್ಕೆ ಹೋದ ಹುಡುಗ ನೋಡಿದ್ದು ಕ್ಲಾಸಿನಲ್ಲಿ ಮಲಗಿ ನಿದ್ದೆ ಮಾಡುವ ಸಹಪಾಠಿಗಳನ್ನು. ಅವರ ನಿಜವಾದ ಓದು ರಾತ್ರಿ ಹಾಗ್ವಾನ್ ಎಂಬ ಟ್ಯೂಷನ್ ಕೇಂದ್ರಗಳಲ್ಲಿ. ಸಿಯೋಲ್‌ನಲ್ಲಿ ರಾತ್ರಿ ಹತ್ತರ ನಂತರ ಟ್ಯೂಷನ್ ನಡೆಸಬಾರದು ಅಂತ ನಿಯಮ ಮಾಡಿ, ಬಾಗಿಲು ಮುಚ್ಚಿದ್ದಾರೋ ಇಲ್ಲವೋ ನೋಡಲು ತಪಾಸಣೆ ತಂಡಗಳನ್ನೇ ಕಳಿಸಬೇಕಾಯಿತು. ಕೋಟಾದ ಕಥೆ ಕೇಳಿ ಬೆಳೆದ ನಮಗೆ ಇದು ಪರದೇಶದ ಕಥೆ ಅನ್ನಿಸುವುದಿಲ್ಲ.

ಪುಸ್ತಕದ ಜೀವಾಳ ಇರುವುದು ಫಿನ್‌ಲ್ಯಾಂಡಿನ ಭಾಗದಲ್ಲಿ. ಅಲ್ಲಿ ಇಬ್ಬರು ಶಿಕ್ಷಕರನ್ನು ರಿಪ್ಲಿ ಎದುರುಬದುರು ನಿಲ್ಲಿಸುತ್ತಾರೆ. ಅಮೆರಿಕದ ಒಕ್ಲಹೋಮದ ಗಣಿತದ ಮೇಷ್ಟ್ರು ಈ ಕೆಲಸಕ್ಕೆ ಬಂದದ್ದು ಫುಟ್‌ಬಾಲ್ ಕೋಚ್ ಆಗುವ ಆಸೆಯಿಂದ. ಕೋಚ್ ಆಗಬೇಕಾದರೆ ಶಾಲೆಯಲ್ಲಿ ಏನಾದರೂ ಕಲಿಸಬೇಕಿತ್ತು. ಫಿನ್‌ಲ್ಯಾಂಡಿನ ಭಾಷಾ ಶಿಕ್ಷಕಿ ವಿಶ್ವವಿದ್ಯಾಲಯದ ಕಠಿಣ ಆಯ್ಕೆ ದಾಟಿ, ಸ್ನಾತಕೋತ್ತರ ಪದವಿಗೆ ಪ್ರಬಂಧ ಬರೆದು, ಅನುಭವಿ ಶಿಕ್ಷಕರ ಕಣ್ಣಳತೆಯಲ್ಲಿ ದೀರ್ಘಕಾಲ ಪಾಠ ಮಾಡಿ, ಬೈಸಿಕೊಂಡು, ತಿದ್ದಿಕೊಂಡು ಬಂದವರು. ಫಿನ್‌ಲ್ಯಾಂಡಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕ ಶಿಕ್ಷಣಕ್ಕೆ ಅರ್ಜಿ ಹಾಕುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಸೀಟು ಸಿಗುತ್ತಿತ್ತು. 1979ರಿಂದ ಅಲ್ಲಿನ ಶಿಕ್ಷಕರಿಗೆ ಸ್ನಾತಕೋತ್ತರ ಪದವಿ ಕಡ್ಡಾಯ.

ಇಲ್ಲಿಂದ ರಿಪ್ಲಿ ಹೊರಡಿಸುವ ತೀರ್ಮಾನ: ಶಿಕ್ಷಕರನ್ನು ಆರಿಸುವಾಗಲೇ ಬಿಗಿ ಮಾಡಿ, ಅತ್ಯಂತ ಚುರುಕಿನವರನ್ನು ಮಾತ್ರ ಒಳಗೆ ಬಿಡಿ, ಮಿಕ್ಕದ್ದು ಹಿಂಬಾಲಿಸುತ್ತದೆ. ಪುಸ್ತಕ ಓದಿದವರ ನೆನಪಿನಲ್ಲಿ ಉಳಿದದ್ದೂ ಇದೇ. ನನ್ನ ತಕರಾರು ಇರುವುದೂ ಇಲ್ಲೇ. ಈ ಪುಸ್ತಕದ ಒಳ್ಳೆಯ ಪುಟಗಳು ಅದರ ತೀರ್ಮಾನಕ್ಕಿಂತ ಹೆಚ್ಚು ಬುದ್ಧಿವಂತವಾಗಿವೆ. ಆ ಇಬ್ಬರು ಶಿಕ್ಷಕರ ವ್ಯತ್ಯಾಸ ಸೀಟು ಸಿಕ್ಕ ದಿನಕ್ಕೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಒಬ್ಬರ ಪಾಠವನ್ನು ಬಲ್ಲವರು ಕೂತು ನೋಡಿದರು. ಇನ್ನೊಬ್ಬರಿಗೆ ಆ ಭಾಗ್ಯ ಅಷ್ಟಾಗಿ ಸಿಗಲಿಲ್ಲ.

ರಿಪ್ಲಿಯೇ ಕೊಡುವ ಇನ್ನೊಂದು ವಿವರ ನಮ್ಮ ಫಾರ್ವರ್ಡುಗಳಲ್ಲಿ ಎಂದೂ ಬರುವುದಿಲ್ಲ. 1970ರ ದಶಕದಲ್ಲಿ ಫಿನ್‌ಲ್ಯಾಂಡಿನ ಶಿಕ್ಷಕರಿಗೆ ಇವತ್ತಿನ ಸ್ವಾತಂತ್ರ್ಯ ಇರಲೇ ಇಲ್ಲ. 700 ಪುಟಗಳ ಕೇಂದ್ರೀಯ ಪಠ್ಯಕ್ರಮ, ಯಾವ ಗಂಟೆಯಲ್ಲಿ ಏನು ಕಲಿಸಿದೆ ಅಂತ ಬರೆದಿಡಬೇಕಾದ ಡೈರಿ, ಆಗಾಗ ಬರುವ ಇನ್‌ಸ್ಪೆಕ್ಟರು. ಥೇಟ್ ನಮ್ಮ ಡಯಟ್, ಬಿಇಒ ಕಚೇರಿಗಳ ಲೋಕ. ಶಿಕ್ಷಕ ಶಿಕ್ಷಣವನ್ನು ವಿಶ್ವವಿದ್ಯಾಲಯಗಳಿಗೆ ಒಯ್ದು, ಹಾಗೆ ತಯಾರಾದ ಒಂದು ತಲೆಮಾರು ಶಾಲೆಗಳಲ್ಲಿ ತುಂಬಿಕೊಂಡ ಮೇಲೆ, 1990ರ ದಶಕದ ಆರಂಭದಲ್ಲಿ ತಪಾಸಣೆಯನ್ನು ಕೈಬಿಟ್ಟರು. ಮೊದಲು ತರಬೇತಿ, ಆಮೇಲೆ ನಂಬಿಕೆ. ನಾವು ಕೊನೆಯ ಅಧ್ಯಾಯ ಮಾತ್ರ ಓದಿ ‘ಅಲ್ಲಿ ಎಲ್ಲಾ ಫ್ರೀ’ ಅಂತ ಹಂಚಿಕೊಳ್ಳುತ್ತಿದ್ದೇವೆ. ಗೇಬ್ರಿಯಲ್ ಹೆಲ್ಲರ್ ಸಾಲ್‌ಗ್ರೆನ್ ಎಂಬ ಸಂಶೋಧಕರು 2015ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2000ದ ಹೊತ್ತಿನ ಒಳ್ಳೆಯ ಅಂಕಗಳು ಹಳೆಯ, ಮೇಷ್ಟ್ರು ಮುಂದೆ ನಿಂತು ಕಲಿಸುವ ಶಿಸ್ತಿನ ಶಾಲೆಗಳ ಫಸಲು, ಆ ಸಂಸ್ಕೃತಿ ಸಡಿಲಾದಂತೆ ಅಂಕಗಳೂ ಇಳಿದವು ಅನ್ನುವುದು ಅವರ ವಾದ. ಅದನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಇವತ್ತು ಕೊಯ್ಯುವುದು ಬಹಳ ಹಿಂದೆ ಬಿತ್ತಿದ್ದನ್ನು ಅನ್ನುವ ಎಚ್ಚರ ಹೋಲಿಕೆ ಮಾಡುವವರಿಗೆಲ್ಲ ಬೇಕು.

ಪುಸ್ತಕ ಬಂದ ಮೇಲೆ ನಡೆದದ್ದನ್ನೂ ನೋಡಿ. ರಿಪ್ಲಿ ಮೆಚ್ಚಿ ಬರೆದ ಪೋಲೆಂಡಿನ 1999ರ ಸುಧಾರಣೆ ಮಕ್ಕಳನ್ನು ‘ನೀನು ಕಾಲೇಜಿಗೆ, ನೀನು ಕಸುಬಿಗೆ’ ಎಂದು ಬೇರ್ಪಡಿಸುವುದನ್ನು ಒಂದು ವರ್ಷ ಮುಂದೂಡಿತ್ತು. ಅದಕ್ಕಾಗಿಯೇ ಹುಟ್ಟಿದ ಮಾಧ್ಯಮಿಕ ಶಾಲೆಗಳನ್ನು 2017ರಲ್ಲಿ ಅಲ್ಲಿನ ಸರ್ಕಾರ ಮುಚ್ಚತೊಡಗಿತು. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಶಿಕ್ಷಕರು ಸಂಬಳಕ್ಕಾಗಿ ದೇಶದಾದ್ಯಂತ ಮುಷ್ಕರ ಹೂಡಿದರು. ಕೊರಿಯಾದಲ್ಲಿ 2023ರ ಜುಲೈನಲ್ಲಿ ಸಿಯೋಲ್‌ನ ಪ್ರಾಥಮಿಕ ಶಾಲೆಯೊಂದರ ಯುವ ಶಿಕ್ಷಕಿ ಪ್ರಾಣ ಕಳೆದುಕೊಂಡರು. ಪೋಷಕರ ದೂರುಗಳ ಕಾಟ ತಡೆಯಲಾಗುತ್ತಿಲ್ಲ ಎಂದು ಸಾವಿರಾರು ಶಿಕ್ಷಕರು ವಾರವಾರ ಕಪ್ಪು ಬಟ್ಟೆ ತೊಟ್ಟು ಬೀದಿಗಿಳಿದರು. ಶಿಕ್ಷಕರ ರಕ್ಷಣೆಗೆ ಕಾನೂನು ತಿದ್ದುಪಡಿ ಬಂದದ್ದು ಅದಾದ ಮೇಲೆ. ಕೊರಿಯಾದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಾಗುವವರು ಒಳ್ಳೆಯ ಅಂಕ ತೆಗೆದವರೇ. ಬುದ್ಧಿವಂತರನ್ನು ಆರಿಸಿಕೊಂಡರೆ ಮಿಕ್ಕದ್ದು ಹಿಂಬಾಲಿಸುತ್ತದೆ ಅನ್ನುವ ಮಾತು ಇಲ್ಲಿ ಮುಗ್ಗರಿಸುತ್ತದೆ. ರಿಪ್ಲಿಯ ಪುಸ್ತಕದಲ್ಲಿ ಮಕ್ಕಳ ಬದುಕು ಕಾಣುತ್ತದೆ, ವರ್ಷಕ್ಕೆ 40 ಲಕ್ಷ ಡಾಲರ್ ದುಡಿಯುವ ಟ್ಯೂಷನ್ ತಾರೆಯೂ ಕಾಣುತ್ತಾನೆ. ಸಾಮಾನ್ಯ ಶಿಕ್ಷಕಿಯ ಸೋಮವಾರ ಬೆಳಗ್ಗೆ ಕಾಣುವುದು ಕಡಿಮೆ.

ಆ ಸೋಮವಾರ ಬೆಳಗ್ಗೆ ಸಿಗುವುದು ಎರಡನೆಯ ಪುಸ್ತಕದಲ್ಲಿ. ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ 1999ರಲ್ಲಿ ಬರೆದ ‘ದ ಟೀಚಿಂಗ್ ಗ್ಯಾಪ್’. ಹಳೆಯದು, ರಿಪ್ಲಿಯ ಪುಸ್ತಕದಷ್ಟು ಸಲೀಸಾಗಿ ಓದಿಸಿಕೊಳ್ಳುವುದಿಲ್ಲ. ಜರ್ಮನಿ, ಜಪಾನ್, ಅಮೆರಿಕದ ಎಂಟನೇ ತರಗತಿಯ 231 ಗಣಿತದ ಪಾಠಗಳನ್ನು ವಿಡಿಯೊ ಮಾಡಿ, ನಿಮಿಷ ನಿಮಿಷವನ್ನೂ ಬಿಡಿಸಿ ನೋಡಿದ ಅಧ್ಯಯನದ ಮೇಲೆ ನಿಂತಿದೆ. ಒಂದೇ ದೇಶದೊಳಗೆ ಒಬ್ಬ ಶಿಕ್ಷಕರಿಗೂ ಇನ್ನೊಬ್ಬರಿಗೂ ಇರುವ ಅಂತರ ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ದೊಡ್ಡದಾಗಿ ಕಂಡದ್ದು ದೇಶದೇಶಗಳ ಪಾಠದ ರೀತಿಯಲ್ಲಿದ್ದ ಅಂತರ. ಅಮೆರಿಕದಲ್ಲಿ ಮೇಷ್ಟ್ರು ಸೂತ್ರ ಹೇಳಿ, ಒಂದು ಲೆಕ್ಕ ಮಾಡಿ ತೋರಿಸಿ, ಅಂಥವೇ ಇಪ್ಪತ್ತು ಲೆಕ್ಕ ಕೊಡುತ್ತಾರೆ. ಜಪಾನಿನಲ್ಲಿ ಮಕ್ಕಳು ಹಿಂದೆ ನೋಡಿರದ ಒಂದು ಲೆಕ್ಕ ಕೊಟ್ಟು ಒದ್ದಾಡಲು ಬಿಡುತ್ತಾರೆ. ಆಮೇಲೆ ಮೂರ್ನಾಲ್ಕು ಮಕ್ಕಳು ತಂತಮ್ಮ ದಾರಿಯನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಕ್ಲಾಸೆಲ್ಲ ಅದರ ಮೇಲೆ ಮಾತಾಡುತ್ತದೆ.

ಬೋರ್ಡಿನ ಬಗ್ಗೆ ಒಂದು ಸಣ್ಣ ಗಮನಿಕೆ ಇದೆ, ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಜಪಾನಿನ ಶಿಕ್ಷಕರು ಪಾಠ ಮುಗಿಯುವವರೆಗೂ ಬೋರ್ಡನ್ನು ಸಾಮಾನ್ಯವಾಗಿ ಒರೆಸುವುದಿಲ್ಲ. ಮೊದಲ ಪ್ರಶ್ನೆ, ಮಕ್ಕಳು ಹಿಡಿದ ಬೇರೆ ಬೇರೆ ದಾರಿಗಳು, ಕೊನೆಯ ತೀರ್ಮಾನ, ಎಲ್ಲವೂ ಒಂದರ ಪಕ್ಕ ಒಂದು ಹಾಗೇ ಉಳಿದಿರುತ್ತವೆ. ನಡುವೆ ಗಮನ ತಪ್ಪಿದ ಮಗು ಮತ್ತೆ ದಾರಿ ಹಿಡಿಯಬಹುದು. ಆ ಕಾಲದ ಅಮೆರಿಕದ ಶಿಕ್ಷಕರು ಬಳಸುತ್ತಿದ್ದ ಓವರ್‌ಹೆಡ್ ಪ್ರೊಜೆಕ್ಟರಿನಲ್ಲಿ ಈ ಕ್ಷಣದ್ದು ಮಾತ್ರ ಕಾಣುತ್ತಿತ್ತು, ಹಾಳೆ ಬದಲಿಸಿದರೆ ಹಿಂದಿನದು ಹೋಯಿತು. ಪಿಪಿಟಿ ಹಾಕಿ ಸ್ಲೈಡ್ ತಳ್ಳುವ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾಗಬೇಕು. ಇಂಥದ್ದನ್ನು ಯಾವ ಜಾಣತನವೂ ತಾನಾಗಿ ಕಲಿಸಿಕೊಡುವುದಿಲ್ಲ. ಯಾರೋ ನೋಡಿ, ಯಾರಿಗೋ ಹೇಳಿ, ಮತ್ತೆ ಮಾಡಿ ನೋಡಿದ್ದರಿಂದ ಬಂದದ್ದು.

ಆ ನೋಡಿ ಹೇಳುವ ಕ್ರಮಕ್ಕೆ ಜಪಾನಿನಲ್ಲಿ ಒಂದು ಹೆಸರೇ ಇದೆ, ಜುಗ್ಯೋ ಕೆನ್ಕ್ಯೂ, ಅಂದರೆ ಪಾಠದ ಅಧ್ಯಯನ. ನಾಲ್ಕಾರು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಕಟ್ಟುತ್ತಾರೆ. ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳನ್ನು ನೋಡುತ್ತಾರೆ. ಮೇಷ್ಟ್ರನ್ನಲ್ಲ, ಮಕ್ಕಳನ್ನು. ಯಾವ ಮಗು ಎಲ್ಲಿ ಸಿಕ್ಕಿಕೊಂಡಿತು, ಯಾವ ಪ್ರಶ್ನೆಗೆ ಮುಖ ಅರಳಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಕೂತು ಪಾಠವನ್ನು ಬಿಚ್ಚುತ್ತಾರೆ, ತಿದ್ದುತ್ತಾರೆ, ಇನ್ನೊಬ್ಬರು ಇನ್ನೊಂದು ಕ್ಲಾಸಿನಲ್ಲಿ ಮಾಡುತ್ತಾರೆ. ಟೀಕೆ ಬರುವುದು ಪಾಠಕ್ಕೆ, ವ್ಯಕ್ತಿಗಲ್ಲ. ಸಾಫ್ಟ್‌ವೇರಿನವರಿಗೆ ಇದು ತಕ್ಷಣ ಅರ್ಥವಾಗಬೇಕು. ಕೋಡ್ ರಿವ್ಯೂ ಇಲ್ಲದೆ ಒಂದು ಸಾಲನ್ನೂ ಮುಂದೆ ಬಿಡದ ನಾವು, ಮೂವತ್ತು ವರ್ಷ ಯಾರೂ ನೋಡದ ಕೋಣೆಯಲ್ಲಿ ಪಾಠ ಮಾಡುವುದನ್ನು ಸಹಜ ಅಂದುಕೊಂಡಿದ್ದೇವೆ.

ಈ ಪುಸ್ತಕಕ್ಕೂ ಕುರುಡು ಜಾಗ ಇದೆ. ಪಾಠದ ಅಧ್ಯಯನಕ್ಕೆ ಬೇಕಾದ ಸಮಯ ಯಾರ ಮನೆಯಿಂದ ಬರುತ್ತದೆ ಅಂತ ಲೇಖಕರು ಗಟ್ಟಿಯಾಗಿ ಕೇಳುವುದಿಲ್ಲ. ಒಇಸಿಡಿಯ 2018ರ ಶಿಕ್ಷಕರ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲಾ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು, ಸಮೀಕ್ಷೆಗೆ ಒಳಪಟ್ಟ ದೇಶಗಳಲ್ಲೇ ಅತಿ ಹೆಚ್ಚು. ಜಪಾನನ್ನೂ ಫಾರ್ವರ್ಡ್ ಮಾಡುವ ಮೊದಲು ಇದನ್ನು ನೆನಪಿಡಬೇಕು.

ನಮ್ಮ ವಿಷಯಕ್ಕೆ ಬರೋಣ. ಪಿಸಾ ಬಗ್ಗೆ ಇಷ್ಟು ಮಾತಾಡುವ ನಾವು ಆ ಪರೀಕ್ಷೆಗೆ ಕೂತದ್ದು ಒಂದೇ ಸಲ. ತಮಿಳುನಾಡು ಮತ್ತು ಹಿಮಾಚಲ ಪ್ರದೇಶ 2009ರ ಸುತ್ತಿನಲ್ಲಿ ಭಾಗವಹಿಸಿ, 74 ದೇಶ-ಪ್ರದೇಶಗಳ ಪಟ್ಟಿಯಲ್ಲಿ ತೀರಾ ತಳಕ್ಕೆ ಬಂದವು. 2022ರ ಪಟ್ಟಿಯಲ್ಲೂ ನಾವಿಲ್ಲ. ಹಾಗಂತ ನಮ್ಮಲ್ಲಿ ಏನೂ ಆಗಿಲ್ಲ ಅಂತಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಶುರುವಾದಾಗ, ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಮೇಷ್ಟ್ರುಗಳೇ ಕೂತು ಕಲಿಕೆಯ ಕಾರ್ಡುಗಳನ್ನು ಮಾಡಿದರು, ಕ್ಲಾಸಿನಲ್ಲಿ ಬಳಸಿ ತಿದ್ದಿದರು. ಜಪಾನಿನ ಹೆಸರಿಲ್ಲದೆ ನಡೆದ ಪಾಠದ ಅಧ್ಯಯನ ಅದು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಹಬ್ಬುವಾಗ ಪೆಟ್ಟಿಗೆಯಲ್ಲಿ ಕಾರ್ಡು ಕಳಿಸಬಹುದು, ಕಾರ್ಡು ಮಾಡುತ್ತ ಮೇಷ್ಟ್ರು ಕಲಿತದ್ದನ್ನು ಪೆಟ್ಟಿಗೆಯಲ್ಲಿ ಕಳಿಸಲು ಬರುವುದಿಲ್ಲ. ದೇಶದಿಂದ ದೇಶಕ್ಕೆ ಶಿಕ್ಷಣ ‘ಮಾದರಿ’ಗಳನ್ನು ಸಾಗಿಸುವ ಎಲ್ಲರಿಗೂ ಎದುರಾಗುವ ತೊಡಕು ಇದೇ.

ಆದ್ದರಿಂದ ಕೆಲಸ ಬಿಟ್ಟು ಬಿ.ಎಡ್. ಸೇರುವ ಯೋಚನೆಯಲ್ಲಿರುವವರಿಗೆ ಈ ಎರಡು ಪುಸ್ತಕಗಳಿಂದ ತೆಗೆದುಕೊಳ್ಳಬಹುದಾದದ್ದು ಇಷ್ಟು. ನಿಮ್ಮ ಜಾಣತನ ಬೇಕು, ಆದರೆ ಅದು ಪ್ರವೇಶದ ಟಿಕೆಟ್ ಅಷ್ಟೇ. 2014ರ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಅಷ್ಟು ವಾರ ಸಹಿ ಹಾಕಿಸಿಕೊಂಡು ಬರುವುದೂ ಒಂದು ದಾರಿ, ಯಾರನ್ನಾದರೂ ಹಿಡಿದು ತಂದು ಹಿಂದಿನ ಬೆಂಚಿನಲ್ಲಿ ಕೂರಿಸುವುದೂ ಒಂದು ದಾರಿ. ಕಾಲೇಜು ಸೇರುವ ಮೊದಲು ಶುಲ್ಕ ಎಷ್ಟು, ಪ್ಲೇಸ್‌ಮೆಂಟ್ ಹೇಗೆ ಅಂತ ಕೇಳಿ, ತಪ್ಪಿಲ್ಲ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ನನ್ನ ಪಾಠ ಯಾರು ಬಂದು ನೋಡ್ತಾರೆ? ನಾನು ಯಾರ ಪಾಠಕ್ಕೆ ಹೋಗಿ ಕೂರಬಹುದು?

ಉತ್ತರ ಹೇಳಲು ಅವರು ತಡವರಿಸಿದರೆ, ಫಿನ್‌ಲ್ಯಾಂಡಿಗೂ ನಮಗೂ ಇರುವ ದೂರ ಎಷ್ಟು ಅಂತ ಅಲ್ಲೇ ಗೊತ್ತಾಗುತ್ತದೆ.