ಮಾರ್ಜಕಗಳ ತಯಾರಿಕೆ ಮತ್ತು ಪರೀಕ್ಷೆ: ಶ್ರಾವಕ ದೃಷ್ಟಿಯ ಒಂದು ವಿಮರ್ಶೆ

ನಮ್ಮ ಸಮಾಜದ ಗೃಹಿಣಿಯರು ಸಾಬೂನು ಕೊಳ್ಳುವಾಗ ಅದರಲ್ಲಿ ಪ್ರಾಣಿಯ ಕೊಬ್ಬು ಇದೆಯೇ ಎಂದು ಕೇಳುವುದು ಹಳೆಯ ರೂಢಿ. ಈ ಪ್ರಶ್ನೆ ಅತ್ಯಂತ ಉಚಿತವಾದುದು. ಆದರೆ ಇಂದಿನ ಮಾರ್ಜಕಗಳ ವಿಷಯದಲ್ಲಿ ಇದೊಂದೇ ಪ್ರಶ್ನೆ ಸಾಲದು. ‘ಸಸ್ಯಜನ್ಯ’, ‘ನೈಸರ್ಗಿಕ’, ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬ ಮೂರು ಮಾತುಗಳು ಈಗ ಪೊಟ್ಟಣಗಳ ಮೇಲೆ ಧಾರಾಳವಾಗಿ ಕಾಣುತ್ತವೆ. ಈ ಮೂರನ್ನೂ ಕೂಡಿಸಿ ‘ಅಹಿಂಸಾತ್ಮಕ’ ಎಂದು ಓದಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಸಾಬೂನು, ಶ್ಯಾಂಪೂ, ಪಾತ್ರೆ ತೊಳೆಯುವ ದ್ರವ, ನೆಲ ಒರೆಸುವ ದ್ರವ, ಇವೆಲ್ಲವುಗಳಲ್ಲಿ ಕೊಳೆ ತೆಗೆಯುವ ಕೆಲಸ ಮಾಡುವ ದ್ರವ್ಯವನ್ನು ರಸಾಯನಶಾಸ್ತ್ರಜ್ಞರು ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ. ಇದರ ಅಣುವಿನ ಒಂದು ತುದಿಗೆ ನೀರಿನ ಒಲವು, ಇನ್ನೊಂದು ತುದಿಗೆ ಜಿಡ್ಡಿನ ಒಲವು. ಜಿಡ್ಡನ್ನು ಹಿಡಿದ ತುದಿ ಒಳಗೂ ನೀರನ್ನು ಬಯಸುವ ತುದಿ ಹೊರಗೂ ನಿಂತು, ಕೊಳೆ ನೀರಿನೊಡನೆ ಹರಿದುಹೋಗುತ್ತದೆ. ಆದರೆ ಜೀವಕೋಶದ ಪೊರೆಯೂ ಜಿಡ್ಡಿನಿಂದಲೇ ಆದುದು. ಪಾತ್ರೆಯ ಎಣ್ಣೆಯನ್ನು ಕರಗಿಸುವ ಗುಣವೇ ಕಣ್ಣಿನ ಪೊರೆಯನ್ನೂ ಮೀನಿನ ಕಿವಿರನ್ನೂ ಕೆಡಿಸುತ್ತದೆ. ಶುದ್ಧಿಯ ಶಕ್ತಿ, ಬಾಧೆಯ ಶಕ್ತಿ ಎರಡಕ್ಕೂ ಮೂಲ ಒಂದೇ. ಆದುದರಿಂದಲೇ ಪ್ರತಿಯೊಂದು ಹೊಸ ಸರ್ಫ್ಯಾಕ್ಟೆಂಟಿಗೂ ಪರೀಕ್ಷೆ ಅನಿವಾರ್ಯವಾಗುತ್ತದೆ.

ಈಗ ‘ಸಸ್ಯಜನ್ಯ’ ಎಂಬ ಮಾತು. ಪಟ್ಟಿಯಲ್ಲಿ ‘ಸೋಡಿಯಂ ಟ್ಯಾಲೋವೇಟ್’ ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಆದುದೆಂಬುದು ಸ್ಪಷ್ಟ. ಆದರೆ ‘ಸ್ಟಿಯರಿಕ್ ಆಮ್ಲ’, ‘ಗ್ಲಿಸರಿನ್’ ಎಂದಷ್ಟೇ ಇದ್ದರೆ ಮೂಲ ತಿಳಿಯದು. ಅವು ಕೊಬ್ಬಿನಿಂದಲೂ ಬರಬಹುದು, ಸಸ್ಯದ ಎಣ್ಣೆಯಿಂದಲೂ ಬರಬಹುದು. ಇದನ್ನು ತಯಾರಕರಿಂದ ಬರೆಹದಲ್ಲಿ ಕೇಳಿ ಪಡೆಯಬೇಕೇ ಹೊರತು ಊಹಿಸಲಾಗದು.

‘ನೈಸರ್ಗಿಕ’ ಎಂಬುದು ಇದಕ್ಕಿಂತ ಜಟಿಲ. ತೆಂಗಿನೆಣ್ಣೆ ಅಥವಾ ತಾಳೆಯೆಣ್ಣೆಯಿಂದ ಪಡೆದ ಆಲ್ಕೋಹಾಲನ್ನು ಗ್ಲೂಕೋಸಿನೊಡನೆ ಬೆಸೆದು ಮಾಡುವ ಆಲ್ಕೈಲ್ ಪಾಲಿಗ್ಲುಕೋಸೈಡುಗಳು ಚರ್ಮಕ್ಕೆ ಮೃದು, ನೀರಿನಲ್ಲಿ ಬೇಗ ಕೊಳೆಯುವಂಥವು. ಇದು ಮೆಚ್ಚತಕ್ಕ ಸಾಧನೆ. ಅದಕ್ಕೂ ಹೊಸದಾದ ಸೋಫೊರೊಲಿಪಿಡುಗಳನ್ನು ಯೀಸ್ಟಿನಿಂದಲೂ, ರ್‍ಯಾಮ್ನೊಲಿಪಿಡುಗಳನ್ನು ಬ್ಯಾಕ್ಟೀರಿಯಾಗಳಿಂದಲೂ ಹುದುಗಿಸಿ ತೆಗೆಯುತ್ತಾರೆ. ಇಲ್ಲಿ ನಾವು ನಿಂತು ಯೋಚಿಸಬೇಕು. ಮದ್ಯವನ್ನು ವರ್ಜಿಸಲು ಅಮೃತಚಂದ್ರ ಸೂರಿಗಳು ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಕೊಡುವ ಕಾರಣಗಳಲ್ಲಿ ಅದು ಅನೇಕ ಜೀವಗಳ ಉತ್ಪತ್ತಿಸ್ಥಾನವೆಂಬುದೂ ಒಂದು. ಹಾಗಿರುವಾಗ ಹುದುಗುವಿಕೆಯಿಂದ ಬಂದ ಮಾರ್ಜಕವನ್ನು, ಅದು ನೈಸರ್ಗಿಕವೆಂಬ ಒಂದೇ ಕಾರಣಕ್ಕೆ, ನಿರ್ದೋಷಿಯೆಂದು ಹೇಳುವಂತಿಲ್ಲ. ಹಾಗೆಂದು ಪೆಟ್ರೋಲಿಯಂ ಮೂಲದ ಮಾರ್ಜಕವೇ ಶ್ರೇಷ್ಠವೆಂದೂ ಅರ್ಥವಲ್ಲ. ನಮ್ಮ ಅಜ್ಜಿಯರು ಬಳಸುತ್ತಿದ್ದ ಅಂಟುವಾಳದ ಕಾಯಿಯ ನೊರೆಗೂ ಮೀನುಗಳನ್ನು ಕೊಲ್ಲುವ ಶಕ್ತಿಯುಂಟು. ನಿಸರ್ಗದಿಂದ ಬಂದುದೆಲ್ಲವೂ ಅಹಿಂಸೆಯಲ್ಲ. ಪ್ರಮಾಣ ಮತ್ತು ಬಳಕೆಯ ರೀತಿ ಎರಡನ್ನೂ ನೋಡಬೇಕು.

ಮೂರನೆಯ ಮಾತಾದ ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬುದೇ ಅತ್ಯಂತ ಗಂಭೀರ ವಿಚಾರಣೆಗೆ ಅರ್ಹವಾದುದು. 1944ರಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ವಿಧಾನದಲ್ಲಿ, ಬಿಳಿ ಮೊಲದ ಒಂದು ಕಣ್ಣಿಗೆ 0.1 ಮಿಲಿಲೀಟರ್ ದ್ರವ್ಯವನ್ನು ಹಾಕಿ, ಇನ್ನೊಂದನ್ನು ಹೋಲಿಕೆಗೆ ಬಿಟ್ಟು, ಉರಿಯೂತಕ್ಕೂ ಹುಣ್ಣಿಗೂ ಅಂಕ ಕೊಡುತ್ತಿದ್ದರು. ಈ ವೀಕ್ಷಣೆ 21 ದಿನಗಳವರೆಗೂ ನಡೆಯುವುದುಂಟು. ದಶಕಗಳ ಕಾಲ ಶ್ಯಾಂಪೂವಿನ ಘಟಕಗಳು ಈ ದಾರಿಯಿಂದಲೇ ಮಾರುಕಟ್ಟೆಗೆ ಬಂದವು. 1980ರಲ್ಲಿ ಹೆನ್ರಿ ಸ್ಪೈರಾ ಎಂಬುವರು ಅಮೆರಿಕದಲ್ಲಿ ಇದರ ವಿರುದ್ಧ ಬಹಿರಂಗ ಚಳವಳಿ ಹೂಡಿದ ಮೇಲೆ ಬದಲಿ ವಿಧಾನಗಳ ಸಂಶೋಧನೆಗೆ ಕಂಪನಿಗಳ ಹಣ ಹರಿಯತೊಡಗಿತು. ಐರೋಪ್ಯ ಒಕ್ಕೂಟವು 2004ರಲ್ಲಿ ಸಿದ್ಧ ಸೌಂದರ್ಯವರ್ಧಕಗಳ, 2009ರಲ್ಲಿ ಅವುಗಳ ಘಟಕಗಳ ಪ್ರಾಣಿಪರೀಕ್ಷೆಯನ್ನು ನಿಷೇಧಿಸಿ, 2013ರಲ್ಲಿ ಹಾಗೆ ಪರೀಕ್ಷಿತವಾದವುಗಳ ಮಾರಾಟವನ್ನೂ ನಿಲ್ಲಿಸಿತು. ನಮ್ಮ ದೇಶವು 2014ರ ಮೇ ತಿಂಗಳಲ್ಲಿ ಪರೀಕ್ಷೆಯನ್ನೂ, ಅದೇ ವರ್ಷದ ನವೆಂಬರಿನಿಂದ ಅಂಥ ವಸ್ತುಗಳ ಆಮದನ್ನೂ ನಿಷೇಧಿಸಿತು. ಇದು ಅಭಿನಂದನೀಯ.

ಆದರೆ ಈ ನಿಷೇಧದ ವ್ಯಾಪ್ತಿಯನ್ನು ಗಮನಿಸಬೇಕು. ಅದು ಸೌಂದರ್ಯವರ್ಧಕಗಳಿಗೆ ಸಂಬಂಧಿಸಿದ್ದು. ಅದೇ ಸರ್ಫ್ಯಾಕ್ಟೆಂಟ್ ಶ್ಯಾಂಪೂವಿನಲ್ಲಿದ್ದರೆ ಒಂದು ನಿಯಮ, ನೆಲ ಒರೆಸುವ ದ್ರವದಲ್ಲಿದ್ದರೆ ಇನ್ನೊಂದು. ಯುರೋಪಿನಲ್ಲಿಯೂ ರಾಸಾಯನಿಕಗಳ ನೋಂದಣಿಯ ಕಾನೂನು ಬೇರೆಯೇ ಇದೆ. ಕೇವಲ ಸೌಂದರ್ಯವರ್ಧಕಗಳಿಗೆ ಬಳಸುವ ಎರಡು ಬಿಸಿಲುತಡೆ ದ್ರವ್ಯಗಳಿಗೂ ಆ ಕಾನೂನಿನಡಿ ಪ್ರಾಣಿಪರೀಕ್ಷೆ ಕೇಳಬಹುದೆಂದು ಅಲ್ಲಿನ ನ್ಯಾಯಾಲಯವು 2023ರ ನವೆಂಬರಿನಲ್ಲಿ ತೀರ್ಪಿತ್ತಿತು. ಇದಲ್ಲದೆ, ನೀರಿಗೆ ಸೇರುವ ದ್ರವ್ಯದ ವಿಷಶಕ್ತಿಯನ್ನು ಅಳೆಯಲು, 96 ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳು ಸಾಯುವ ಪ್ರಮಾಣ ಯಾವುದೆಂದು ನೋಡುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ಪೊಟ್ಟಣದ ಮೇಲಿನ ಮೊಲದ ಚಿತ್ರ ಮೀನಿನ ವಿಚಾರವನ್ನು ಹೇಳುವುದಿಲ್ಲ.

ಬದಲಿ ವಿಧಾನಗಳಲ್ಲಿಯೂ ವಿವೇಚನೆ ಬೇಕು. ಒಂದು ಅಂಗೀಕೃತ ವಿಧಾನದಲ್ಲಿ ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಪಾರದರ್ಶಕ ಪೊರೆಯನ್ನು ಬಳಸುತ್ತಾರೆ. ಇನ್ನೊಂದರಲ್ಲಿ ಸುಮಾರು ಒಂಬತ್ತು ದಿನ ಕಾವು ಕೊಟ್ಟ ಫಲಿತ ಕೋಳಿಮೊಟ್ಟೆಯ ಪೊರೆಯ ಮೇಲೆ ದ್ರವ್ಯವನ್ನು ಹಾಕಿ ನೋಡುತ್ತಾರೆ. ಕಾನೂನಿನ ಭಾಷೆಯಲ್ಲಿ ಇವು ಪ್ರಾಣಿಪರೀಕ್ಷೆಗಳಲ್ಲ. ಶ್ರಾವಕನ ಮನಸ್ಸಿಗೆ ಇವು ಒಪ್ಪುವುದು ಕಷ್ಟ. ಇವೆರಡಕ್ಕಿಂತ ಉತ್ತಮವಾದುದು ಮಾನವ ಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ ಮತ್ತು ಕಣ್ಣಿನ ಪದರಗಳ ಮೇಲಿನ ಪರೀಕ್ಷೆ. ಚರ್ಮದ ವಿಧಾನಕ್ಕೆ 2010ರಲ್ಲಿ, ಕಣ್ಣಿನ ವಿಧಾನಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ಮೀನಿನ ಕಿವಿರಿನ ಕೋಶಗಳನ್ನು ಬಳಸುವ ವಿಧಾನಕ್ಕೂ 2021ರಲ್ಲಿ ಮನ್ನಣೆ ಬಂದಿದೆ. ದಾರಿ ಇಲ್ಲವೆಂಬ ವಾದಕ್ಕೆ ಇನ್ನು ಹೆಚ್ಚು ಬಲವಿಲ್ಲ.

ಪರೀಕ್ಷೆಯೇ ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಪರೀಕ್ಷಿಸದ ದ್ರವ್ಯವು ಮಗುವಿನ ಕಣ್ಣಿಗೆ ಬಿದ್ದರೆ ಅದೂ ಹಿಂಸೆಯೇ ಎಂದು ರಸಾಯನಶಾಸ್ತ್ರಜ್ಞರು ಹೇಳಿದರೆ ಅದನ್ನು ಒಪ್ಪಬೇಕು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಈ ಹೊಸ ದ್ರವ್ಯದ ಅಗತ್ಯವೇನು? ದೀರ್ಘಕಾಲ ಬಳಸಿ ಗುಣದೋಷ ತಿಳಿದಿರುವ ದ್ರವ್ಯಗಳು ಸಾಕಷ್ಟಿವೆ. ಇನ್ನಷ್ಟು ನೊರೆ, ಇನ್ನಷ್ಟು ರೇಷ್ಮೆಯ ನುಣುಪು ಇವಿಷ್ಟಕ್ಕಾಗಿ ಮತ್ತೊಂದು ಜೀವಿಯನ್ನು ನೋಯಿಸುವುದನ್ನು ನಮ್ಮ ಆಚಾರ್ಯರು ಅನರ್ಥದಂಡವೆಂದೇ ಕರೆಯುತ್ತಿದ್ದರು. ಗೃಹಸ್ಥನಿಗೆ ಉದ್ಯೋಗದ ಹಿಂಸೆ ಸಂಪೂರ್ಣವಾಗಿ ತಪ್ಪದು, ನಿಜ. ಆದರೆ ನಿಷ್ಪ್ರಯೋಜಕ ಹಿಂಸೆಗೆ ಯಾವ ರಿಯಾಯಿತಿಯೂ ಇಲ್ಲ. ತಾನು ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು ಎಂಬ ಮೂರರಲ್ಲಿ ಕೊಳ್ಳುವವನ ಪಾಲು ಮೂರನೆಯದು, ಮಾರುವವನ ಪಾಲು ಅದಕ್ಕಿಂತ ಕಡಿಮೆಯದಲ್ಲ. ವ್ಯಾಪಾರಿಯಾದ ನಾನು ಈ ಮಾತನ್ನು ವ್ಯಾಪಾರಿ ಬಂಧುಗಳಿಗೇ ಮೊದಲು ಹೇಳುತ್ತಿದ್ದೇನೆ.

ಕೊನೆಯದಾಗಿ ತೊಳೆದ ನೀರಿನ ಗತಿ. ಎರಡನೆಯ ಮಹಾಯುದ್ಧದ ನಂತರ ಬಂದ ಕವಲು ಸರಪಳಿಯ ಮಾರ್ಜಕಗಳನ್ನು ನೀರಿನ ಸೂಕ್ಷ್ಮಜೀವಿಗಳು ಒಡೆಯಲಾರದೆ ಜರ್ಮನಿಯ ನದಿಗಳಲ್ಲಿ ನೊರೆಯ ರಾಶಿಗಳೆದ್ದವು. 1964ರಲ್ಲಿ ಅಲ್ಲಿನ ಕಾನೂನು ಜಾರಿಯಾಗಿ ನೇರ ಸರಪಳಿಯವು ಬಳಕೆಗೆ ಬಂದವು. ಆದರೆ ಇವು ಕೊಳೆಯಲು ನೀರಿನಲ್ಲಿ ಆಮ್ಲಜನಕ ಬೇಕು. ಸಂಸ್ಕರಿಸದ ಕೊಳಚೆ ತುಂಬಿದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಅದೆಲ್ಲಿಂದ ಬರಬೇಕು? ಮಾರ್ಜಕವು ಹೂಳಿಗೆ ಅಂಟಿ ಉಳಿದು, ಮಳೆನೀರು ಕದಡಿದಾಗ ನೊರೆಯಾಗಿ ರಸ್ತೆಗೆ ಹಾರಿದುದನ್ನೂ, 2015 ಮತ್ತು 2017ರಲ್ಲಿ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದನ್ನೂ ನಾಡೇ ಕಂಡಿದೆ. ನೊರೆಯೇ ಶುದ್ಧಿಯೆಂಬ ಭ್ರಮೆಯಿಂದ ಬೇಕಾದುದಕ್ಕಿಂತ ಹೆಚ್ಚು ಸುರಿಯುವುದು ಪ್ರಮಾದಚರ್ಯೆಯಲ್ಲದೆ ಬೇರೇನೂ ಅಲ್ಲ.

ಆದ್ದರಿಂದ ಬಸದಿಗಳ ವಿಶ್ವಸ್ತ ಮಂಡಳಿಗಳು ವರ್ಷದ ಖರೀದಿಗೆ ಮುನ್ನ ನಾಲ್ಕು ವಿಷಯಗಳನ್ನು ಬರೆಹದಲ್ಲಿ ಕೇಳಲಿ: ಕೊಬ್ಬಿನ ಮೂಲ ಯಾವುದು, ಕಣ್ಣು ಮತ್ತು ಚರ್ಮದ ಪರೀಕ್ಷೆ ಯಾವ ವಿಧಾನದ್ದು, ಜಲಚರಗಳ ಮೇಲೆ ಪರೀಕ್ಷೆ ನಡೆದಿದೆಯೇ, 28 ದಿನಗಳ ಪ್ರಮಾಣಿತ ಪರೀಕ್ಷೆಯಲ್ಲಿ ಅದು ಎಷ್ಟು ಪಾಲು ಕೊಳೆಯುತ್ತದೆ. ಉತ್ತರ ಕೊಡದವರ ಸರಕನ್ನು ಬಿಡಬಹುದು. ಅಭಿಷೇಕದ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಹುಣಸೆಹಣ್ಣು ಸಾಕಾಗುವಲ್ಲಿ ದ್ರವದ ಶೀಶೆ ಏಕೆ ಬೇಕು? ಒಂದು ಮನೆಯ ಪ್ರಶ್ನೆಗೆ ತಯಾರಕರು ಓಗೊಡದಿರಬಹುದು. ಅನೇಕ ಬಸದಿಗಳು ಕೂಡಿ ಕೇಳಿದರೆ ಅದು ಮಾರುಕಟ್ಟೆಗೆ ಕೇಳಿಸುತ್ತದೆ. ಸುಜ್ಞ ವಾಚಕರು ಈ ವಿಷಯವನ್ನು ತಮ್ಮ ತಮ್ಮ ಸಭೆಗಳಲ್ಲಿ ಚರ್ಚಿಸಿ ನಿರ್ಧರಿಸಬೇಕೆಂದು ವಿನಂತಿ.