ತಿದ್ದುವ ಕೈ, ನುಡಿಸುವ ಉಸಿರು

ಜಾಸ್ ಸಂಗೀತದ ಜೀವವಿರುವುದು ಆ ಕ್ಷಣದ ಮನೋಧರ್ಮದಲ್ಲಿ. ಪಾಪ್ ಗೀತೆಯದು ಮೊದಲೇ ಕಟ್ಟಿಟ್ಟ ಮಟ್ಟಿನಲ್ಲಿ. ಒಂದರಲ್ಲಿ ಕಲಾವಿದನು ತಪ್ಪುವ ಸ್ವಾತಂತ್ರ್ಯವನ್ನೂ ಪಡೆದಿರುತ್ತಾನೆ. ಇನ್ನೊಂದರಲ್ಲಿ ಕೇಳುಗನು ನಿನ್ನೆ ಕೇಳಿದುದನ್ನೇ ಇಂದೂ ಕೇಳಬಯಸುತ್ತಾನೆ. ಇವೆರಡನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಹೊರಟವರು ಹಲವರು. ಪಾಪ್ ಹಾಡಿಗೆ ಸ್ಯಾಕ್ಸಫೋನಿನ ಕುಚ್ಚು ಕಟ್ಟಿ ತೃಪ್ತರಾದವರೇ ಅವರಲ್ಲಿ ಹೆಚ್ಚು. 1977ರ ಸೆಪ್ಟೆಂಬರಿನಲ್ಲಿ ಹೊರಬಂದ ಅಮೆರಿಕದ 'ಸ್ಟೀಲಿ ಡ್ಯಾನ್' ತಂಡದ 'ಏಜಾ' ಎಂಬ ಧ್ವನಿಮುದ್ರಿಕೆ ಈ ಮಾತಿಗೆ ಅಪವಾದ. ಅದು ಹೇಗೆ ಸಿದ್ಧವಾಯಿತೆಂಬುದನ್ನು ವಿಚಾರಿಸಿದರೆ, ಕಲೆಯಲ್ಲಿ ತಿದ್ದುಪಾಟಿಗೆ ಎಲ್ಲಿಯವರೆಗೆ ಎಡೆಯುಂಟು ಎಂಬ ಹಳೆಯ ಪ್ರಶ್ನೆಗೂ ಸ್ವಲ್ಪ ಬೆಳಕು ದೊರೆಯುತ್ತದೆ.

ತಂಡವೆಂದು ಹೇಳಿದೆವಷ್ಟೆ. ಆ ವೇಳೆಗೆ ಅದು ಹೆಸರಿಗೆ ಮಾತ್ರ ತಂಡ. 1967ರಲ್ಲಿ ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಗೆಳೆಯರಾದ ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಅದರ ಒಡೆಯರು. ಇಬ್ಬರೂ ಎಳವೆಯಿಂದಲೇ ಜಾಸಿಗೆ ಮನಸೋತವರು. 1974ರ ಒಂದು ಮುದ್ರಿಕೆಯಲ್ಲಿ ಡ್ಯೂಕ್ ಎಲಿಂಗ್ಟನ್ನನ ಹಳೆಯ ಕೃತಿಯೊಂದನ್ನೇ ನುಡಿಸಿಟ್ಟವರು. ಅದೇ ವರ್ಷ ಅವರು ಕಚೇರಿಗಳನ್ನು ನಿಲ್ಲಿಸಿ, ಸ್ಟುಡಿಯೋವೇ ತಮ್ಮ ವೇದಿಕೆಯೆಂದು ನಿಶ್ಚಯಿಸಿದರು. ಆ ಬಳಿಕ ಒಂದೊಂದು ಹಾಡಿಗೂ ಬೇಕಾದ ವಾದಕರನ್ನು ಕರೆಸಿ, ನುಡಿಸಿಕೊಂಡು, ಒಪ್ಪಿಗೆಯಾಗದಿದ್ದರೆ ಬೇರೆಯವರನ್ನು ಕರೆಸುವುದು ಅವರ ಪದ್ಧತಿಯಾಯಿತು. ನಿರ್ಮಾಪಕ ಗ್ಯಾರಿ ಕಾಟ್ಜ್, ಧ್ವನಿತಂತ್ರಜ್ಞ ರಾಜರ್ ನಿಕಲ್ಸ್ ಇವರಿಗೆ ಒತ್ತಾಸೆಯಾಗಿದ್ದರು.

'ಪೆಗ್' ಎಂಬ ಹಾಡಿನ ನಡುವೆ ಬರುವ ಗಿಟಾರು ವಾದನದ ಕಥೆ ಪ್ರಸಿದ್ಧವಾದುದು. ಅರ್ಧ ನಿಮಿಷವೂ ಇಲ್ಲದ ಆ ತುಣುಕಿಗಾಗಿ ಆರೇಳು ಮಂದಿ ನುರಿತ ವಾದಕರು ಒಬ್ಬರಾದ ಮೇಲೊಬ್ಬರು ಬಂದು ನುಡಿಸಿಹೋದರು. ಕೊನೆಗೆ ಉಳಿದುದು ಜೇ ಗ್ರೇಡನ್ನನ ವಾದನ. ಇದನ್ನು ಕೇಳಿದವರಿಗೆ, ಇಷ್ಟು ಜರಡಿ ಹಿಡಿದರೆ ಕಾಳಿನೊಡನೆ ಸತ್ವವೂ ಸೋರಿಹೋಗುವುದಿಲ್ಲವೇ ಎನ್ನಿಸಬಹುದು. ಸ್ಟೀಲಿ ಡ್ಯಾನಿನ ಮೇಲೆ ಮೊದಲಿನಿಂದಲೂ ಇರುವ ಆಕ್ಷೇಪಣೆಯೇ ಇದು: ನಯವುಂಟು, ಬಿಸಿಯಿಲ್ಲ, ಕೌಶಲವುಂಟು, ಹೃದಯವಿಲ್ಲ.

ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ತಳ್ಳಿಬಿಡುವಂತಿಲ್ಲ. ಆದರೆ ಅದೇ 'ಪೆಗ್' ಹಾಡಿನ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಾಸ್ ಗಿಟಾರು ನುಡಿಸಿದ ಚಕ್ ರೇನಿ, ತಂತಿಯನ್ನು ಹೆಬ್ಬೆರಳಿನಿಂದ ಬಡಿದು ನುಡಿಸಬಯಸಿದ. ಅದು ಬೇಡವೆಂದು ಒಡೆಯರ ಅಪ್ಪಣೆ. ಅವನು ತಡಿಕೆಯ ಮರೆಗೆ ತಿರುಗಿ ಕುಳಿತು, ಪಲ್ಲವಿ ಬಂದಾಗ ತನಗೆ ಬೇಕಾದಂತೆಯೇ ನುಡಿಸಿದನೆಂದು ಮುಂದೆ ಅವನೇ ಹೇಳಿದ್ದಾನೆ. ಇಂದು ಆ ಪಲ್ಲವಿ ನಮ್ಮ ಕಾಲನ್ನು ಕುಣಿಸುವುದಕ್ಕೆ ಕಾರಣ ಬಹುಮಟ್ಟಿಗೆ ಆ ಬಡಿತ. ತಿದ್ದುವ ಕೈ ಎಷ್ಟೇ ಬಿಗಿಯಾಗಿರಲಿ, ನುಡಿಸುವವನ ಉಸಿರು ಸಂದಿಯಲ್ಲಿ ನುಸುಳಿ ಬಂದಿದೆ. ಫೇಗನ್ ಮತ್ತು ಬೆಕರ್ ಅದನ್ನು ಅಳಿಸಿಹಾಕಲಿಲ್ಲವೆಂಬುದು ಅವರ ವಿವೇಕಕ್ಕೆ ಸಾಕ್ಷಿ.

ಸುಮಾರು ಎಂಟು ನಿಮಿಷಗಳ 'ಏಜಾ' ಗೀತೆಯಲ್ಲಿ ಈ ವಿವೇಕ ಇನ್ನೂ ಸ್ಪಷ್ಟವಾಗಿದೆ. ಮೈಲ್ಸ್ ಡೇವಿಸನ ಪಂಚಕದಲ್ಲಿ ಪಳಗಿದ ವೇಯ್ನ್ ಶಾರ್ಟರನನ್ನು ಇಲ್ಲಿ ಸ್ಯಾಕ್ಸಫೋನಿಗೆ ಕರೆಸಿದರು. ಡ್ರಮ್ಮಿಗೆ ಸ್ಟೀವ್ ಗ್ಯಾಡ್. ಹಾಡು ನಡುವೆ ತನ್ನ ಮಾತನ್ನು ನಿಲ್ಲಿಸಿ ಇವರಿಬ್ಬರಿಗೆ ಬಯಲನ್ನು ಬಿಟ್ಟುಕೊಡುತ್ತದೆ. ಶಾರ್ಟರ್ ಅವಸರಪಡುವುದಿಲ್ಲ, ತನ್ನ ಪಾಂಡಿತ್ಯವನ್ನು ಸುರಿಯುವುದೂ ಇಲ್ಲ. ನಾಲ್ಕು ಸ್ವರ ಹೇಳಿ ನಿಲ್ಲುತ್ತಾನೆ. ಆ ಮೌನದ ಕೆಳಗೆ ಗ್ಯಾಡನ ಲಯ ಕುದಿಯತೊಡಗುತ್ತದೆ. ಔಚಿತ್ಯವೆಂದರೆ ಇದು. ಉಳಿದೆಲ್ಲವನ್ನೂ ಅಳೆದು ಕಟ್ಟಿರುವುದರಿಂದಲೇ ಈ ಅಳತೆಯಿಲ್ಲದ ಗಳಿಗೆಗೆ ಅಷ್ಟು ಬಲ ಬಂದಿದೆ.

ಸ್ವರಸಂಯೋಜನೆಯ ಒಂದು ಗುಟ್ಟನ್ನೂ ಇಲ್ಲಿ ಹೇಳಬೇಕು. ಷಡ್ಜ, ಅಂತರ ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸಿದರೆ ಪಾಪ್ ಗೀತೆಯ ಸರ್ವೇಸಾಮಾನ್ಯ ಸ್ವರಗುಚ್ಛ ಸಿದ್ಧವಾಗುತ್ತದೆ. ಇವರು ಅದಕ್ಕೆ ಚತುಶ್ರುತಿ ರಿಷಭವನ್ನು ಸೇರಿಸುವುದುಂಟು. ರಿಷಭವೂ ಗಾಂಧಾರವೂ ಮೈಗೆ ಮೈ ತಾಗಿ ನಿಂತಾಗ ಸಿಹಿಯಲ್ಲಿ ಒಂದು ಸಣ್ಣ ಒಗರು ಹುಟ್ಟುತ್ತದೆ. ಆ ಒಗರೇ ಇವರ ಹಾಡುಗಳ ಮನೋಭಾವ.

'ಡೀಕನ್ ಬ್ಲೂಸ್' ಈ ಮನೋಭಾವದ ಶಿಖರ. ಊರ ಹೊರಗಿನ ಬಡಾವಣೆಯಲ್ಲಿ ಬಾಳು ಸವೆಸುತ್ತಿರುವ ಒಬ್ಬ ಸಾಮಾನ್ಯನು, ತಾನು ಸ್ಯಾಕ್ಸಫೋನು ಕಲಿತು ಮನಬಂದಂತೆ ನುಡಿಸುವ ಕಲಾವಿದನಾಗುವೆನೆಂದು ಕನಸು ಕಾಣುತ್ತಾನೆ. ಗೆದ್ದವರಿಗೊಂದು ಬಿರುದಿರುವಾಗ ಸೋತ ತನಗೂ ಒಂದಿರಲಿ ಎಂಬುದು ಅವನ ಬೇಡಿಕೆ. ಅವನ ಕನಸು ಹುಸಿಯೆಂದು ನಮಗೆ ಗೊತ್ತು. ಅಷ್ಟರಲ್ಲಿ ಪೀಟ್ ಕ್ರಿಸ್ಟ್‌ಲೀಬನ ನಿಜವಾದ ಸ್ಯಾಕ್ಸಫೋನು ಎದ್ದು, ಅವನು ಎಂದೂ ನುಡಿಸಲಾರದ್ದನ್ನು ಅವನ ಪರವಾಗಿ ನುಡಿಸುತ್ತದೆ. ನಗುವುದೋ ಮರುಗುವುದೋ ತಿಳಿಯದು. ಇಲ್ಲಿ ಜಾಸ್ ಅಲಂಕಾರವಲ್ಲ. ಹಾಡಿನ ಅರ್ಥವೇ ಅದು. ಹೃದಯವಿಲ್ಲವೆಂದವರು ಈ ಹಾಡನ್ನು ಮತ್ತೊಮ್ಮೆ ಕೇಳಬೇಕು.

ಏಳು ಹಾಡುಗಳೂ ಈ ಮಟ್ಟದವೆಂದಲ್ಲ. 'ಐ ಗಾಟ್ ದ ನ್ಯೂಸ್' ಚುರುಕಾಗಿದೆಯೇ ಹೊರತು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು: ಜಾಸ್ ಅಮೆರಿಕದ ಕರಿಯ ಜನ ನೋವಿನಲ್ಲಿ ಬೆಳೆಸಿದ ಕಲೆ. ಶಾರ್ಟರ್, ರೇನಿ, ಡ್ರಮ್ಮಿನ ಬರ್ನಾರ್ಡ್ ಪರ್ಡಿ ಆ ಪರಂಪರೆಯವರು. ಹಾಡು ಬರೆದ ಇಬ್ಬರು ಬಿಳಿಯರು. ಕೃತಿಯ ಯಶಸ್ಸಿನಲ್ಲಿ ಕೂಲಿಗೆ ಬಂದವರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಕೇಳದೆ ಇದನ್ನು ಮೆಚ್ಚುವುದು ಅರ್ಧ ಮೆಚ್ಚಿಕೆಯಾದೀತು.

ಮುದ್ರಿಕೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಹತ್ತು ಲಕ್ಷಕ್ಕೂ ಮೀರಿ ಖರ್ಚಾಯಿತು. ಧ್ವನಿತಂತ್ರಕ್ಕಾಗಿ 1978ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆದರೆ ಈ ದಾರಿಯ ಅಪಾಯವೂ ಬೇಗನೆ ಗೋಚರಿಸಿತು. 1980ರ 'ಗೌಚೊ' ಮುದ್ರಿಕೆಯ ವೇಳೆಗೆ, ಮನುಷ್ಯರ ಲಯದಿಂದ ತೃಪ್ತಿಯಾಗದೆ, ನಿಕಲ್ಸ್ ರಚಿಸಿದ 'ವೆಂಡೆಲ್' ಎಂಬ ಯಂತ್ರದಿಂದ ಡ್ರಮ್ಮಿನ ಸದ್ದನ್ನು ಜೋಡಿಸುವವರೆಗೆ ಹೋದರು. ಅದೂ ಸುಂದರವಾದ ಕೃತಿಯೇ. ಆದರೆ ತಡಿಕೆಯ ಮರೆಯಲ್ಲಿ ತಿರುಗಿ ಕೂರುವ ರೇನಿಗೆ ಆ ಯಂತ್ರದಲ್ಲಿ ಜಾಗವಿಲ್ಲ. ಮರುವರ್ಷವೇ ಜೊತೆಗಾರರು ಬೇರೆಯಾದರು. ಮತ್ತೆ ಕೂಡಿ ಕಚೇರಿಗಳಿಗೆ ಹೊರಟುದು 1993ರಲ್ಲಿ. ಬೆಕರ್ 2017ರಲ್ಲಿ ತೀರಿಕೊಂಡ.

ಇಂದು ಯಂತ್ರದ ನೆರವಿನಿಂದ ಬೇಸುರನ್ನು ಸುರವಾಗಿಸುವುದು, ತಪ್ಪಿದ ತಾಳವನ್ನು ಗೆರೆಗೆ ತರುವುದು ಎಲ್ಲ ಸ್ಟುಡಿಯೋಗಳ ದಿನದ ಕೆಲಸ. ತಪ್ಪಿಲ್ಲದ ಹಾಡು ಈಗ ಅಪರೂಪವಲ್ಲ. ಆದುದರಿಂದಲೇ 'ಏಜಾ' ಕೇಳತಕ್ಕ ಕೃತಿ. ಫೇಗನ್ ಮತ್ತು ಬೆಕರ್ ತಿದ್ದಿದ್ದು ಬಹಳ. ಆದರೆ ಶಾರ್ಟರನ ಮೌನಕ್ಕೂ ರೇನಿಯ ಹಟಕ್ಕೂ ಎದುರಾದಾಗ ಅವರ ಕೈ ತಡೆಯಿತು. ಕೃತಿಯನ್ನು ಉಳಿಸಿದ್ದು ಆ ತಡೆದ ಕೈ.