ಮನೆಯೊಳಗಿನ ನ್ಯಾಯ

ಯುಜಿಸಿ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ ದೊಡ್ಡ ಗ್ರಂಥವೇನಲ್ಲ. ಬಸ್ಸಿಗೆ ಕಾಯುತ್ತಾ ಓದಿ ಮುಗಿಸಬಹುದು. ಆದರೂ ನಮ್ಮ ಕಾಲೇಜುಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ರ‍್ಯಾಗಿಂಗ್ ವಿರೋಧಿ ಫಲಕ ಗೇಟಿನಲ್ಲೇ ಇರುತ್ತದೆ. ಕುಂದುಕೊರತೆ ಸಮಿತಿಯ ಸದಸ್ಯರ ಹೆಸರು ಮಾತ್ರ ನ್ಯಾಕ್ ತಂಡ ಬರುವ ವಾರ ಗೋಡೆ ಹತ್ತುತ್ತದೆ. ನಿಯಮ ಬರೆದವರು ವಿದ್ಯಾರ್ಥಿಯ ಪಾಡು ಬಲ್ಲವರು, ಆದರೆ ವಿಶ್ವವಿದ್ಯಾಲಯಕ್ಕೆ ಮುಜುಗರವಾಗುವುದು ಅವರಿಗೆ ಬೇಕಿರಲಿಲ್ಲ. ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇದು.

ಪಾಡು ಬಲ್ಲವರು ಎನ್ನಲು ಅವರು ಕೊಟ್ಟ ಪಟ್ಟಿಯೇ ಸಾಕು. ಪ್ರವೇಶದಲ್ಲಿ ಅಕ್ರಮ, ನಿಗದಿಗಿಂತ ಹೆಚ್ಚು ಹಣದ ಬೇಡಿಕೆ, ವಿದ್ಯಾರ್ಥಿವೇತನದ ವಿಳಂಬ, ಫಲಿತಾಂಶದ ವಿಳಂಬ, ಮೀಸಲಾತಿ ನಿಯಮದ ಉಲ್ಲಂಘನೆ, ಜಾತಿ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ, ಪಾರದರ್ಶಕವಲ್ಲದ ಮೌಲ್ಯಮಾಪನ ಎಲ್ಲವೂ ಅದರಲ್ಲಿವೆ. ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವುದೂ ಇದೆ. ಬೇರೆ ಕಡೆ ಸೀಟು ಸಿಕ್ಕಿ ಹೊರಟ ಹುಡುಗಿಯ ಪಿಯುಸಿ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಂಡು, ‘ಉಳಿದ ವರ್ಷಗಳ ಫೀಸು ಕಟ್ಟಿ ತಗೊಂಡು ಹೋಗಿ’ ಎನ್ನುವ ಕಾಲೇಜುಗಳನ್ನು ಕಂಡವರೇ ಇದನ್ನು ಬರೆದಿರಬೇಕು. 2019ರ ನಿಯಮದಲ್ಲಿ ವಿಭಾಗಕ್ಕೊಂದು, ಸಂಸ್ಥೆಗೊಂದು, ವಿಶ್ವವಿದ್ಯಾಲಯಕ್ಕೊಂದು ಎಂದು ಸಮಿತಿಗಳ ಮೆಟ್ಟಿಲುಗಳಿದ್ದವು. ಹತ್ತುವಷ್ಟರಲ್ಲಿ ಕೋರ್ಸೇ ಮುಗಿಯುತ್ತಿತ್ತು. ಈಗ ಇರುವುದು ಒಂದು ಸಮಿತಿ, ಅದರ ಮೇಲೆ ಮೇಲ್ಮನವಿ ಕೇಳುವ ಒಬ್ಬ ಓಂಬುಡ್ಸ್‌ಪರ್ಸನ್. ಇದು ನಿಜಕ್ಕೂ ಸುಧಾರಣೆ.

ಸಮಿತಿಯ ರಚನೆಗೆ ಬಂದರೆ ಮಾತು ಬೇರೆ. ಅಧ್ಯಕ್ಷರು ಒಬ್ಬ ಪ್ರಾಧ್ಯಾಪಕರು, ಸದಸ್ಯರು ನಾಲ್ವರು ಹಿರಿಯ ಅಧ್ಯಾಪಕರು. ಇವರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಒಬ್ಬರು ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು ಇರಬೇಕೆಂಬುದು ಒಳ್ಳೆಯ ಷರತ್ತು. ವಿದ್ಯಾರ್ಥಿ ಪ್ರತಿನಿಧಿಯೂ ಇದ್ದಾನೆ, ‘ವಿಶೇಷ ಆಹ್ವಾನಿತ’ನಾಗಿ. ಅವನನ್ನು ಸಹಪಾಠಿಗಳು ಆರಿಸುವುದಿಲ್ಲ. ಓದು, ಆಟ ಅಥವಾ ಪಠ್ಯೇತರ ಚಟುವಟಿಕೆಯಲ್ಲಿ ಮುಂದಿರುವವನನ್ನು ಸಂಸ್ಥೆಯೇ ನಾಮನಿರ್ದೇಶನ ಮಾಡುತ್ತದೆ. ಕೋರಂ ಎಣಿಸುವಾಗ ಅವನನ್ನು ಬಿಟ್ಟು ಮೂವರಿದ್ದರೆ ಸಭೆ ನಡೆಯುತ್ತದೆ. ಅಂದರೆ ಅವನು ಬಂದರೂ ಸೈ, ಬಾರದಿದ್ದರೂ ಸೈ. ಉಳಿದವರೆಲ್ಲ ಒಂದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವವರು. ಯಾರ ಮೇಲೆ ದೂರು ಬಂದಿದೆಯೋ ಅವರೊಂದಿಗೆ ನಾಳೆಯೂ ಕೂತು ಟೈಮ್‌ಟೇಬಲ್ ಹೊಂದಿಸಬೇಕಾದವರು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇನ್ನೊಂದು ವಿಚಿತ್ರವಿದೆ: ತರಗತಿಗಳಲ್ಲಿ ಬಹುಪಾಲು ನಿಲ್ಲುವವರು ಅತಿಥಿ ಉಪನ್ಯಾಸಕರು. ವಿದ್ಯಾರ್ಥಿಯ ಕಷ್ಟ ಹತ್ತಿರದಿಂದ ಗೊತ್ತಿರುವುದು ಅವರಿಗೇ. ಹಿರಿಯರ ಸಮಿತಿಯಲ್ಲಿ ಅವರಿಗೆ ಜಾಗ ಸಿಗುವುದು ಹೇಗೆ?

ಓಂಬುಡ್ಸ್‌ಪರ್ಸನ್ ಇರುವುದು ಈ ಒಳಗಿನವರ ಕೂಟದ ಮೇಲೊಂದು ಹೊರಗಿನ ಕಣ್ಣಿರಲಿ ಎಂದು. ನಿವೃತ್ತ ಕುಲಪತಿ, ಡೀನ್ ಅಥವಾ ವಿಭಾಗ ಮುಖ್ಯಸ್ಥರಾಗಿದ್ದ ನಿವೃತ್ತ ಪ್ರಾಧ್ಯಾಪಕ, ಇಲ್ಲವೇ ಮಾಜಿ ಜಿಲ್ಲಾ ನ್ಯಾಯಾಧೀಶ ಈ ಸ್ಥಾನಕ್ಕೆ ಬರಬಹುದು. ನೇಮಕಕ್ಕೆ ಮುಂಚಿನ ಒಂದು ವರ್ಷದಲ್ಲಿ ಆ ವಿಶ್ವವಿದ್ಯಾಲಯದೊಂದಿಗೆ ಹಿತಾಸಕ್ತಿಯ ಸಂಘರ್ಷ ಇರಕೂಡದು. ತೆಗೆದುಹಾಕಬೇಕಾದರೆ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯ ದರ್ಜೆಗೆ ಕಡಿಮೆಯಿಲ್ಲದವರು ವಿಚಾರಣೆ ನಡೆಸಬೇಕು. ಇವೆಲ್ಲ ಗಟ್ಟಿ ರಕ್ಷಣೆಗಳೇ. ಆದರೆ ನೇಮಿಸುವುದು ಅದೇ ವಿಶ್ವವಿದ್ಯಾಲಯ, ವಿಚಾರಣೆಯ ಭತ್ಯೆ ಗೊತ್ತುಮಾಡಿ ಕೊಡುವುದೂ ಅದೇ. ಇಷ್ಟು ಅನುಕೂಲ ಮಾಡಿಕೊಟ್ಟರೂ ಎಷ್ಟೋ ಕಡೆ ನೇಮಕವೇ ಆಗಲಿಲ್ಲ ಎಂಬುದು ತಮಾಷೆ. 2024ರ ಜನವರಿಯಲ್ಲಿ ಯುಜಿಸಿ ಪ್ರಕಟಿಸಿದ ತಪ್ಪಿತಸ್ಥರ ಪಟ್ಟಿಯಲ್ಲಿ ದೇಶದ ನಾನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿದ್ದವು. ಜೂನ್ ಹೊತ್ತಿಗೂ 157 ಉಳಿದಿದ್ದವು. ಬೆಳಿಗ್ಗೆ ಒಂಬತ್ತಕ್ಕೆ ಬಯೋಮೆಟ್ರಿಕ್ ಒತ್ತದಿದ್ದರೆ ಹಾಜರಾತಿ ಕಳೆಯುವ ಸಂಸ್ಥೆಗಳು ತಮ್ಮ ಪಾಲಿನ ಗಡುವನ್ನು ಹೀಗೆ ನಿಭಾಯಿಸಿದವು.

ನಮ್ಮ ಹುಡುಗರು ಸ್ನಾತಕೋತ್ತರಕ್ಕೆ ಹೋಗುವ ಇಂಗ್ಲೆಂಡಿನಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ 2004ರ ಉನ್ನತ ಶಿಕ್ಷಣ ಕಾಯ್ದೆಯ ಬಲದಿಂದ ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಸೇರಿ ವಿಶ್ವವಿದ್ಯಾಲಯಗಳ ಹೊರಗೇ ಒಂದು ಸ್ವತಂತ್ರ ಕಚೇರಿಯಿದೆ, ಓಐಎ ಎಂದು. ಅದರ ಖರ್ಚನ್ನು ಎಲ್ಲ ವಿಶ್ವವಿದ್ಯಾಲಯಗಳೂ ಸೇರಿ ಹೊರುತ್ತವೆ, ಹಾಗಾಗಿ ಯಾವ ಒಂದರ ಹಂಗೂ ಇಲ್ಲ. ವಿಶ್ವವಿದ್ಯಾಲಯದ ಒಳಗಿನ ವಿಚಾರಣೆ ಮುಗಿಯಿತು ಎಂಬ ಪತ್ರ ಕೈಗೆ ಬಂದ 12 ತಿಂಗಳೊಳಗೆ ವಿದ್ಯಾರ್ಥಿ ಅಲ್ಲಿಗೆ ಹೋಗಬಹುದು. ಅಧ್ಯಾಪಕರ ಶೈಕ್ಷಣಿಕ ತೀರ್ಮಾನವನ್ನು ಅದು ಮುಟ್ಟುವುದಿಲ್ಲ. ಆ ತೀರ್ಮಾನಕ್ಕೆ ಬಂದ ವಿಧಾನ ಸರಿಯಿತ್ತೇ ಎಂದಷ್ಟೇ ನೋಡುತ್ತದೆ. ಅದು ಹೆಸರು ಮರೆಮಾಡಿ ಪ್ರಕರಣಗಳ ಸಾರಾಂಶವನ್ನೂ ಪ್ರಕಟಿಸುತ್ತದೆ. ನನಗೆ ಹೊಟ್ಟೆಕಿಚ್ಚು ಬರುವುದು ಇದನ್ನು ನೋಡಿ. ಹಿಂದಿನವರ ದೂರು ಏಕೆ ಗೆದ್ದಿತು, ಏಕೆ ಬಿತ್ತು ಎಂದು ಅಲ್ಲಿನ ವಿದ್ಯಾರ್ಥಿ ಓದಿ ತಿಳಿದುಕೊಳ್ಳಬಹುದು. ನಮ್ಮಲ್ಲಿ ಪ್ರತಿ ಹುಡುಗನೂ ದೂರನ್ನು ಮೊದಲಿನಿಂದ ಕಲಿಯಬೇಕು.

ಇನ್ನು ಅಂಕಗಳ ವಿಷಯ. ಹೆಚ್ಚಿನ ಸಂಕಟ ಹುಟ್ಟುವುದು ಇಲ್ಲೇ, ನಿಯಮದ ಬಾಗಿಲು ಅತಿ ಕಿರಿದಾಗುವುದೂ ಇಲ್ಲೇ. ಮರುಮೌಲ್ಯಮಾಪನದ ಮೇಲ್ಮನವಿಯನ್ನು ಓಂಬುಡ್ಸ್‌ಪರ್ಸನ್ ತೆಗೆದುಕೊಳ್ಳುವಂತಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ಎತ್ತಿ ತೋರಿಸಿದರೆ ಮಾತ್ರ ಉಂಟು. ಇದು ಕ್ರೂರವೆಂದು ನನಗೆ ಅನ್ನಿಸುವುದಿಲ್ಲ. ಅತೃಪ್ತರ ಉತ್ತರಪತ್ರಿಕೆಗಳನ್ನೆಲ್ಲ ಒಬ್ಬ ನಿವೃತ್ತ ನ್ಯಾಯಾಧೀಶ ತಿದ್ದುತ್ತಾ ಕೂರಲಾಗದು. ಮರುಮೌಲ್ಯಮಾಪನಕ್ಕೆ ನಿಯಮದಲ್ಲಿ ಅವಕಾಶವಿಲ್ಲದ ಕಡೆ, ತಪ್ಪು ಎದ್ದು ಕಾಣುವ ವಿರಳ ಸಂದರ್ಭ ಬಿಟ್ಟರೆ ಕೋರ್ಟು ಕೈಹಾಕದು, ಇಲ್ಲಿ ಅನುಕಂಪಕ್ಕೆ ಜಾಗವಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2017ರ ರಣವಿಜಯ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ‘ನನಗೆ ಅರವತ್ತು ಬರಬೇಕಿತ್ತು’ ಎಂಬ ಅರ್ಜಿ ಬೀಳುತ್ತದೆ. ‘4ಬಿ ಉತ್ತರಕ್ಕೆ ಅಂಕವನ್ನೇ ಹಾಕಿಲ್ಲ, ಒಳಪುಟದ 7 ಮುಖಪುಟಕ್ಕೆ 1 ಆಗಿ ಬಂದಿದೆ’ ಎಂಬ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ.

ಅದನ್ನು ತೋರಿಸಲು ಉತ್ತರಪತ್ರಿಕೆಯ ಜೆರಾಕ್ಸ್ ಬೇಕು. ಮೌಲ್ಯಮಾಪನವಾದ ಉತ್ತರಪತ್ರಿಕೆ ‘ಮಾಹಿತಿ’ಯೇ, ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಬರೆದವನಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ತೀರ್ಮಾನಿಸಿತು. 2019ರಲ್ಲಿ ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಸಂಸ್ಥೆ ತನ್ನದೇ ದೊಡ್ಡ ಶುಲ್ಕ ಇಟ್ಟಿದ್ದರೂ, ಆರ್‌ಟಿಐ ಅಡಿ ಕೇಳಿದವನಿಗೆ ಆರ್‌ಟಿಐ ದರದಲ್ಲೇ ಕೊಡಬೇಕು. ಆ ದರ ಪುಟಕ್ಕೆ ಎರಡು ರೂಪಾಯಿ. ಸೆಮಿಸ್ಟರಿಗೊಮ್ಮೆ ಫೋಟೊಕಾಪಿಗೆ, ರೀವ್ಯಾಲ್ಯುಯೇಷನ್ನಿಗೆ, ಚಾಲೆಂಜ್ ವ್ಯಾಲ್ಯುಯೇಷನ್ನಿಗೆ ಪೇಪರು ಲೆಕ್ಕದಲ್ಲಿ ದುಡ್ಡು ಸುರಿಯುವ ಪೋಷಕರಿಗೆ ಇದನ್ನು ಯಾರೂ ಹೇಳುವುದಿಲ್ಲ. ತೊಡಕಿಲ್ಲವೆಂದಲ್ಲ: ಆರ್‌ಟಿಐ ಉತ್ತರಕ್ಕೆ 30 ದಿನದ ಅವಕಾಶವಿದೆ, ರೀವ್ಯಾಲ್ಯುಯೇಷನ್ ಅರ್ಜಿಯ ಕೊನೆಯ ದಿನ ಅಷ್ಟು ದಿನ ಕಾಯುವುದಿಲ್ಲ.

ದಿನಗಳ ಲೆಕ್ಕವನ್ನೇ ನೋಡೋಣ. ಸಂಸ್ಥೆಯ ಆನ್‌ಲೈನ್ ಪೋರ್ಟಲ್‌ಗೆ ಬಂದ ದೂರನ್ನು ಟಿಪ್ಪಣಿಯೊಂದಿಗೆ ಸಮಿತಿಗೆ ಕಳಿಸಲು 15 ದಿನ. ಸಮಿತಿಯ ವರದಿಗೆ 15 ಕೆಲಸದ ದಿನ. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 15 ದಿನ. ಓಂಬುಡ್ಸ್‌ಪರ್ಸನ್ 30 ದಿನದಲ್ಲಿ ಮುಗಿಸಲು ಯತ್ನಿಸಬೇಕು. ಯಾರೂ ಗಡುವು ಮೀರದಿದ್ದರೂ ಒಟ್ಟು ಸುಮಾರು ಎರಡೂವರೆ ತಿಂಗಳು, ಅಂದರೆ ಸೆಮಿಸ್ಟರಿನ ಬಹುಭಾಗ. ಅಷ್ಟರಲ್ಲಿ ಮುಂದಿನ ಪರೀಕ್ಷೆಯ ಫೀಸು ಕಟ್ಟುವ ದಿನ ದಾಟಿರುತ್ತದೆ, ಹಾಜರಾತಿ ಕೊರತೆಯೆಂದು ತಡೆಹಿಡಿದ ಹಾಲ್ ಟಿಕೆಟ್ ಕಸವಾಗಿರುತ್ತದೆ. ತೀರ್ಪು ಬರುವವರೆಗೆ ಪರೀಕ್ಷೆಗೆ ಕೂರಲು ಬಿಡಿ ಎಂದು ಹೇಳುವ ಸ್ಪಷ್ಟ ಅಧಿಕಾರ ಈ ನಿಯಮದಲ್ಲಿ ಯಾರಿಗೂ ಇರುವುದು ನನಗೆ ಕಾಣಲಿಲ್ಲ. ಅದಕ್ಕೇ ಅನುಕೂಲಸ್ಥರ ಮಕ್ಕಳು ಹೈಕೋರ್ಟಿಗೆ ರಿಟ್ ಹಾಕುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಅಡ್ಡಿ ಭಯ. ಇಂಟರ್ನಲ್ ಅಂಕ, ಪ್ರಾಜೆಕ್ಟ್ ವೈವಾ, ಪಿಎಚ್‌ಡಿ ಮಾರ್ಗದರ್ಶಕರ ಸಹಿ ಮೂರೂ ಯಾರ ಮೇಲೆ ದೂರಬೇಕೋ ಅವರ ಕೈಯಲ್ಲೇ ಇರುತ್ತವೆ. ವಿದ್ಯಾರ್ಥಿಯನ್ನು ಪೀಡಿಸುವುದೂ ಕುಂದುಕೊರತೆಯೇ ಎಂದು ನಿಯಮ ಹೇಳುತ್ತದೆ, ನಿಜ. ಪೀಡನೆ ಆದ ಮೇಲೆ ಬಂದು ಇನ್ನೊಂದು ದೂರು ಕೊಡಿ ಎಂದಾಯಿತು. ಜೊತೆಗೆ ದೂರು ಸುಳ್ಳು ಅಥವಾ ಕ್ಷುಲ್ಲಕವಾಗಿದ್ದರೆ ದೂರುದಾರನ ಮೇಲೆ ಕ್ರಮಕ್ಕೆ ಶಿಫಾರಸು ಮಾಡಬಹುದು ಎಂಬ ಸಾಲೂ ಇದೆ. ಸುಳ್ಳಿಗೆ ಶಿಕ್ಷೆ ಇರಲಿ, ಕ್ಷುಲ್ಲಕ ಯಾವುದೆಂದು ತೀರ್ಮಾನಿಸುವುದು ಹೇಗೆ? ನೀರಿಲ್ಲದ ಶೌಚಾಲಯ ಕುಲಸಚಿವರಿಗೆ ಕ್ಷುಲ್ಲಕ ಅನ್ನಿಸಬಹುದು. ಹೆದರುವ ವಿದ್ಯಾರ್ಥಿಗೆ ಈ ಒಂದು ಸಾಲು ಉಳಿದ ಪುಟಗಳಿಗಿಂತ ಜೋರಾಗಿ ಕೇಳಿಸುತ್ತದೆ.

ವಿಶ್ವವಿದ್ಯಾಲಯ ಪಾಲಿಸದಿದ್ದರೆ ಏನು? ಅನುದಾನ ತಡೆ, ಸಾರ್ವಜನಿಕರಿಗೆ ಎಚ್ಚರಿಕೆ, ಕಾಲೇಜಿನ ಸಂಯೋಜನೆ ಹಿಂಪಡೆಯಲು ಶಿಫಾರಸು. ದೊಡ್ಡ ಅಸ್ತ್ರಗಳೇ. ಆದರೆ ಅನುದಾನ ನಿಂತರೆ ಬಡವಾಗುವುದು ಗ್ರಂಥಾಲಯ, ಸಂಯೋಜನೆ ಹೋದರೆ ಅತಂತ್ರವಾಗುವುದು ಓದುತ್ತಿರುವ ಮಕ್ಕಳು. ಕಡತ ಹಿಡಿದು ಕೂತವರ ಸಂಬಳಕ್ಕೆ ಏನೂ ಆಗದು. ಇದಕ್ಕಿಂತ ಚೆನ್ನಾಗಿ ಯೋಚಿಸಿದ್ದು ಕರ್ನಾಟಕದ್ದೇ ಸಕಾಲ ಕಾನೂನು. ವಿಳಂಬವಾದ ದಿನಕ್ಕೆ 20 ರೂಪಾಯಿ, ಗರಿಷ್ಠ 500, ಅದೂ ತಡಮಾಡಿದ ನೌಕರನ ಜೇಬಿನಿಂದ. ಮೊತ್ತ ಚಿಕ್ಕದು, ಆದರೆ ಹೊಣೆ ಯಾರದೆಂದು ಗೊತ್ತಾಗುತ್ತದೆ.

ಇಂಥ ಹೊಣೆ ವಿಶ್ವವಿದ್ಯಾಲಯದವರ ಮೇಲೂ ಬರುವವರೆಗೆ ವಿದ್ಯಾರ್ಥಿಗೆ ಉಳಿಯುವುದು ಕಾಗದದ ಬಲ. ಬಾಯಿಮಾತಿನಲ್ಲಿ ಎಚ್‌ಒಡಿ ಕೊಟ್ಟ ಭರವಸೆಗೆ ದಿನಾಂಕವಿರುವುದಿಲ್ಲ. ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡ ಪ್ರತಿಗೆ ಇರುತ್ತದೆ, ಪೋರ್ಟಲಿನ ನೋಂದಣಿ ಸಂಖ್ಯೆಗೂ ಇರುತ್ತದೆ. ದೂರನ್ನು ಕನ್ನಡದಲ್ಲಿ ಬರೆಯಬಹುದೆಂದು ಕನ್ನಡ ಎಂಎ ವಿದ್ಯಾರ್ಥಿಗೂ ಯಾರಾದರೂ ಹೇಳಬೇಕಾದ ಸ್ಥಿತಿ ನಮ್ಮದು. ನಿಯಮಾವಳಿ ಗೆಜೆಟ್ಟಿನಲ್ಲಿ ಬಂದದ್ದು ಹಿಂದಿ, ಇಂಗ್ಲಿಷಿನಲ್ಲಿ. ರಾಜ್ಯದ ವಿಶ್ವವಿದ್ಯಾಲಯಗಳು ಅದರ ಕನ್ನಡ ಪಾಠವನ್ನು ಪ್ರವೇಶ ಪತ್ರದೊಂದಿಗೇ ಕೊಡಲಿ. ಎಷ್ಟು ದೂರು ಬಂತು, ಎಷ್ಟು ದಿನದಲ್ಲಿ ಮುಗಿಯಿತು, ಎಷ್ಟು ವಿದ್ಯಾರ್ಥಿಗಳ ಪರವಾಯಿತು ಎಂಬ ಒಂದು ಪುಟದ ಲೆಕ್ಕವನ್ನು ಹೆಸರುಗಳಿಲ್ಲದೆ ವರ್ಷಕ್ಕೊಮ್ಮೆ ಪ್ರಕಟಿಸಲಿ. ಇದಕ್ಕೆ ಯುಜಿಸಿಯ ತಿದ್ದುಪಡಿ ಬೇಕಿಲ್ಲ, ಸಿಂಡಿಕೇಟಿನ ಒಂದು ನಿರ್ಣಯ ಸಾಕು.